ಎಂಜಿನ್ ದೀಪದ ನಿದಾನ

ಮೋಟಾರು ಗಾಡಿಯ ಫಲಕದ ಮೇಲೆ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹೊತ್ತಿಕೊಂಡೊಡನೆ ಮನೆಮಂದಿಗೆ ಉಂಟಾಗುವ ಗಾಬರಿಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಗಾಡಿಯು ಎಂದಿನಂತೆಯೇ ಓಡುತ್ತಿರುವುದು, ಶಬ್ದದಲ್ಲಿ ವ್ಯತ್ಯಾಸವಿಲ್ಲ, ಆದರೂ ದೀಪವು ಆರದು. ಆಗ ಕೆಲವರು ದೀಪವನ್ನು ಕಂಡೂ ಕಾಣದಂತಿರುವರು. ಉಳಿದವರು ಗ್ಯಾರೇಜಿನವರು ಹೇಳಿದ ಭಾಗವನ್ನು ಮರುಮಾತಿಲ್ಲದೆ ಕೊಂಡು ಹಾಕಿಸುವರು.

ಆಯುರ್ವೇದದವರು ರೋಗವನ್ನು ತಿಳಿಯುವುದಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿಗಳೆಂಬ ಐದು ಸಾಧನಗಳನ್ನು ಹೇಳಿರುವರಷ್ಟೆ. ಇವುಗಳಲ್ಲಿ ರೂಪವೆಂದರೆ ಹೊರಗೆ ತೋರುವ ಲಕ್ಷಣ, ನಿದಾನವೆಂದರೆ ಕಾರಣ. ಸ್ಕ್ಯಾನರೆಂಬ ಉಪಕರಣವನ್ನು ಗಾಡಿಗೆ ಜೋಡಿಸಿದಾಗ ದೊರೆಯುವ ಸಂಖ್ಯೆಯು ರೂಪವನ್ನು ಹೇಳುವುದೇ ಹೊರತು ನಿದಾನವನ್ನಲ್ಲ. ಇಷ್ಟು ಸಣ್ಣ ಭೇದವನ್ನು ಮರೆತುದರಿಂದ ಎಷ್ಟೋ ಸಂಸಾರಗಳ ಹಣವು ವ್ಯರ್ಥವಾಗುತ್ತಿದೆ.

ಈ ದೀಪವು ಹುಟ್ಟಿದುದು ಎಂಜಿನ್ನಿನ ಕ್ಷೇಮಕ್ಕಿಂತ ಹೆಚ್ಚಾಗಿ ಊರಿನ ಗಾಳಿಯ ಕ್ಷೇಮಕ್ಕಾಗಿ. ಹೊಗೆಯ ವಿಷವು ಮಿತಿ ಮೀರುವಂತಹ ದೋಷ ಕಂಡರೆ ಗಾಡಿಯೇ ಅದನ್ನು ಸಾರಬೇಕೆಂದು ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಎಲ್ಲರಿಗೂ ಒಂದೇ ಬಗೆಯ ಕ್ರಮವನ್ನು ವಿಧಿಸಿದರು. ನಮ್ಮ ದೇಶದಲ್ಲಿ ಇದು 2010 ಮತ್ತು 2013ರಲ್ಲಿ ಎರಡು ಹಂತಗಳಾಗಿ ಜಾರಿಗೆ ಬಂದಿತು.

ನಮ್ಮಲ್ಲಿ ಓದಿದವನೊಬ್ಬನು ಮೈಸೂರಿನಲ್ಲಿ ಬಾಡಿಗೆ ಕಾರು ಓಡಿಸಿ ಜೀವಿಸುವನು. ಗಾಡಿಯ ಸಾಲದ ಕಂತು ಇನ್ನೂ ತೀರಿಲ್ಲ. ಅವನ ಗಾಡಿಯಲ್ಲಿ ದೀಪ ಹೊತ್ತಿ, ಪಿ 0171 ಎಂಬ ಸಂಖ್ಯೆ ಬಂದಿತು. ಎಂಜಿನ್ನಿನಲ್ಲಿ ಪೆಟ್ರೋಲಿಗೆ ತಕ್ಕುದಕ್ಕಿಂತ ಗಾಳಿಯ ಪಾಲು ಹೆಚ್ಚಾಗಿದೆಯೆಂದು ಇದರ ಅರ್ಥ. ಗ್ಯಾರೇಜಿನವರು ಹಿಂದುಮುಂದು ನೋಡದೆ ಆಕ್ಸಿಜನ್ ಸೆನ್ಸರನ್ನು ಬದಲಾಯಿಸಿ ಹಣ ತೆಗೆದುಕೊಂಡರು. “ಮೇಷ್ಟ್ರೇ, ಮೂರೇ ದಿನಕ್ಕೆ ಮತ್ತೆ ಹತ್ತಿಕೊಂಡಿತು” ಎಂದು ಬಂದು ಹೇಳಿದಾಗ ಅವನ ಮುಖವು ಬಾಡಿದ್ದಿತು. ಪಾಪ, ಆ ಸೆನ್ಸರು ಮಾಡಿದ್ದ ಅಪರಾಧವೇನು? ಹೊಗೆಯಲ್ಲಿ ಆಮ್ಲಜನಕವು ಉಳಿದಿದೆಯೆಂಬ ನಿಜವನ್ನು ನುಡಿದುದೇ. ಕೆಟ್ಟ ಸುದ್ದಿಯನ್ನು ತಂದ ಓಲೆಕಾರನನ್ನು ಕೆಲಸದಿಂದ ತೆಗೆದು ಹೊಸಬನನ್ನು ಇಟ್ಟುಕೊಂಡರೆ ಸುದ್ದಿಯು ಬದಲಾಗುವುದೇ?

ಎರಡನೆಯ ಮೆಕ್ಯಾನಿಕರು ವಿವೇಕಿಗಳು. ಪೆಟ್ರೋಲಿನ 1 ಪಾಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು; ಗಾಳಿ ಹೆಚ್ಚಿದರೆ ಗಾಡಿಯ ಕಂಪ್ಯೂಟರು ತಾನಾಗಿಯೇ ಪೆಟ್ರೋಲನ್ನು ಹೆಚ್ಚಿಸಿ ಸರಿದೂಗಿಸುವುದು. ಹೀಗೆ ಹೆಚ್ಚಿಸಿದುದು ಶೇಕಡ ಎಷ್ಟೆಂದು ಸ್ಕ್ಯಾನರಿನಲ್ಲಿ ನೋಡಬಹುದು. ಅವರು ಗಾಡಿಯನ್ನು ನಿಂತಲ್ಲಿಯೇ ಮೆಲ್ಲಗೆ ಓಡಿಸಿ ಆ ಅಂಕೆಯನ್ನು ಬರೆದುಕೊಂಡರು. ಬಳಿಕ ನಿಮಿಷಕ್ಕೆ 2500 ಸುತ್ತುಗಳಿಗೆ ಏರಿಸಿ ಮತ್ತೆ ನೋಡಿದರು. ಮೊದಲು ಬಹಳವಾಗಿದ್ದುದು ಈಗ ತಗ್ಗಿದ್ದಿತು. ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರುಳ್ಳ ಗಾಡಿಗಳಲ್ಲಿ ಹೀಗಾದರೆ, ಆ ಅಳತೆಯನ್ನು ತಪ್ಪಿಸಿಕೊಂಡು ಎಲ್ಲಿಯೋ ಗಾಳಿ ನುಸುಳುತ್ತಿದೆಯೆಂದು ಸಂಶಯಪಡತಕ್ಕದ್ದು: ಎಂಜಿನ್ ಮೆಲ್ಲಗೆ ಓಡುವಾಗ ಸಣ್ಣ ಬಿರುಕಿನ ಗಾಳಿಯೂ ದೊಡ್ಡ ಪಾಲಾಗುವುದು, ವೇಗದಲ್ಲಿ ಅದು ಲೆಕ್ಕಕ್ಕೆ ಬಾರದು. ಇದಕ್ಕೆ ವಿರುದ್ಧವಾಗಿ, ವೇಗದೊಡನೆ ಅಂಕೆಯು ಏರಿದ್ದರೆ ಪೆಟ್ರೋಲ್ ಪಂಪನ್ನೋ ಫಿಲ್ಟರನ್ನೋ ಪರೀಕ್ಷಿಸಬೇಕಾಗುತ್ತಿದ್ದಿತು. ಬಳಿಕ ಗಾಳಿಯ ದಾರಿಯೊಳಕ್ಕೆ ಹೊಗೆಯನ್ನು ತುಂಬಿದಾಗ, ಒಂದು ರಬ್ಬರ್ ಪೈಪಿನ ತಳಭಾಗದಿಂದ ಎಳೆಯಾಗಿ ಹೊಗೆ ಹೊರಟಿತು. ತಾರ್ಕಿಕರು ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸಿದರು. ಇವರು ಹೊಗೆಯಿಂದ ಬಿರುಕನ್ನು ಕಂಡರು. ಪೈಪು ಬದಲಾಯಿತು, ಅಂಕೆಯು ಸೊನ್ನೆಯ ಸಮೀಪಕ್ಕೆ ಇಳಿಯಿತು, ದೀಪವು ಮತ್ತೆ ಹೊತ್ತಲಿಲ್ಲ. ಸೆನ್ಸರಿಗೆ ತೆತ್ತ ಹಣ ಮಾತ್ರ ಹೋದುದು ಹೋಯಿತು.

ಇನ್ನೊಂದು ಪರೀಕ್ಷೆಯು ನಮಗೆ ಬಹು ಮೆಚ್ಚಿಕೆಯಾದುದು. ಪಿ 0301 ಎಂದರೆ 1ನೆಯ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ. ಸಿಲಿಂಡರಿಗೊಂದರಂತೆ ಇಗ್ನಿಷನ್ ಕಾಯಿಲ್ ಉಳ್ಳ ಗಾಡಿಯಾದರೆ ಅಲ್ಲಿಯದನ್ನು 3ನೆಯದಕ್ಕೂ, 3ನೆಯದನ್ನು ಇಲ್ಲಿಗೂ ಹಾಕಿ ಓಡಿಸಬೇಕು. ಸಂಖ್ಯೆಯು ಪಿ 0303 ಆದರೆ ದೋಷವು ಕಾಯಿಲಿನದು. ಪಿ 0301 ಆಗಿಯೇ ಉಳಿದರೆ ಪ್ಲಗ್ಗು, ಇಂಜೆಕ್ಟರು ಮುಂತಾದುವನ್ನು ನೋಡತಕ್ಕದ್ದು. ಅನ್ವಯವ್ಯತಿರೇಕವೆಂದು ನಾವು ಪಾಠಶಾಲೆಯಲ್ಲಿ ಉರುಹೊಡೆದುದು ಇದನ್ನೇ. ಇದಕ್ಕೆ ಕಾಸೂ ಖರ್ಚಿಲ್ಲ.

ದೀಪವು ಮಿನುಗುತ್ತಿದ್ದರೆ ಮಾತ್ರ ತಡ ಸಲ್ಲದು. ಉರಿಯದ ಪೆಟ್ರೋಲು ಹೊಗೆಯ ಕೊಳವೆಯಲ್ಲಿರುವ ಕೆಟಲಿಟಿಕ್ ಕನ್ವರ್ಟರನ್ನು ಸೇರಿ ಅದನ್ನು ಸುಡುವುದು. ವೇಗ ತಗ್ಗಿಸಿ, ಕ್ಷೇಮವಾದ ಜಾಗದಲ್ಲಿ ಗಾಡಿಯನ್ನು ನಿಲ್ಲಿಸಬೇಕು.

ಗ್ಯಾರೇಜಿಗೆ ಹೋದವರು ಸಂಖ್ಯೆಯನ್ನು ಅಳಿಸುವುದಕ್ಕೆ ಮೊದಲು ಅದನ್ನು ಬರೆದುಕೊಡುವಂತೆ ಕೇಳಿರಿ. ದೋಷ ಕಂಡ ಕ್ಷಣದಲ್ಲಿ ಗಾಡಿಯ ವೇಗವೆಷ್ಟು, ಎಂಜಿನ್ನಿನ ಬಿಸಿಯೆಷ್ಟು ಎಂಬ ದಾಖಲೆಯೂ ಅದರೊಡನೆ ಇರುವುದು. ಅಳಿಸಿದರೆ ಅದೂ ಅಳಿಯುವುದು. ಪಿ 0420 ಎಂದು ಬಂದು, ಕನ್ವರ್ಟರನ್ನೇ ಬದಲಾಯಿಸಬೇಕೆಂದು ಹೇಳಿದರಂತೂ ಕೈಚೀಲವನ್ನು ಬಿಚ್ಚುವುದಕ್ಕೆ ಮೊದಲು ಎರಡು ಪ್ರಶ್ನೆಗಳನ್ನು ಹಾಕಿರಿ: ಹೊಗೆಯ ಕೊಳವೆಯಲ್ಲಿ ಸೋರಿಕೆಯುಂಟೋ ನೋಡಿದಿರಾ? ಯಾವುದಾದರೂ ಸಿಲಿಂಡರು ಉರಿ ತಪ್ಪುತ್ತಿದೆಯೋ ನೋಡಿದಿರಾ? ಅದು ಗಾಡಿಯಲ್ಲಿ ಬಹು ದುಬಾರಿಯಾದ ಭಾಗ. ಮೂಲದೋಷವನ್ನು ಹಾಗೆಯೇ ಬಿಟ್ಟರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುವುದು.