ಸುನಾಮಿಯ ಪಾಠ ಪರೀಕ್ಷೆಗೆ ಮಾತ್ರವೆ?

ಕಳೆದ ವರ್ಷ ತರಗತಿಯಲ್ಲಿ ಭೂಕಂಪದ ಪಾಠವನ್ನು ಮುಗಿಸಿ ಸುನಾಮಿಯ ವಿಷಯವನ್ನು ಹೇಳತೊಡಗಿದಾಗ ಹುಡುಗನೊಬ್ಬನು ಎದ್ದು ನಿಂತು, “ಇದು ಪರೀಕ್ಷೆಗೆ ಬರುತ್ತದೆಯೆ, ಸಾರ್?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಆದರೆ ಆ ಪ್ರಶ್ನೆ ನನ್ನ ಮನಸ್ಸಿನಲ್ಲಿಯೇ ಉಳಿಯಿತು. ನಾನು ಬಯಲುಸೀಮೆಯವನು, ಕಡಲನ್ನು ಮೊದಲು ಕಂಡುದೇ ಚೆನ್ನೈಗೆ ಬಂದ ಮೇಲೆ. ನೀವಾದರೋ ಮರೀನಾ ತೀರದಲ್ಲಿ ಆಡಿ ಬೆಳೆದವರು. ಆದುದರಿಂದ ಆ ಪ್ರಶ್ನೆಗೆ ಇಲ್ಲಿ ಉತ್ತರ ಹೇಳುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಸುನಾಮಿ ಎಂಬುದು ಜಪಾನೀ ಭಾಷೆಯ ಪದ. ‘ಬಂದರಿನ ಅಲೆ’ ಎಂದು ಅದರ ಅರ್ಥ. ಗಾಳಿಯಿಂದೇಳುವ ಅಲೆ ಕಡಲಿನ ಮೇಲ್ಭಾಗವನ್ನು ಮಾತ್ರ ಕಲಕುತ್ತದೆ. ಸುನಾಮಿಯಲ್ಲಿ ತಳದಿಂದ ಮೇಲಿನವರೆಗೆ ನೀರಿನ ರಾಶಿಯೇ ಚಲಿಸುತ್ತದೆ. ಒಂದು ಭೂಫಲಕವು ಮತ್ತೊಂದರ ಕೆಳಗೆ ನುಸುಳುವೆಡೆಯಲ್ಲಿ ಬಹುಕಾಲದ ಬಿಗಿತವು ಒಮ್ಮೆಗೇ ಸಡಿಲಿದಾಗ ಕಡಲ ತಳ ಮೇಲಕ್ಕೆ ಚಿಮ್ಮುತ್ತದೆ. ಅದರ ಮೇಲಣ ನೀರೂ ಎದ್ದು ಎಲ್ಲ ದಿಕ್ಕಿಗೂ ಹರಡುತ್ತದೆ. 4,000 ಮೀಟರ್ ಆಳದಲ್ಲಿ ಅದರ ವೇಗ ಗಂಟೆಗೆ ಸುಮಾರು 700 ಕಿಲೋಮೀಟರ್. ಅಲ್ಲಿ ಅದರ ಎತ್ತರ ಬಹಳ ಕಡಿಮೆ. ಹಡಗಿನಲ್ಲಿರುವವರಿಗೆ ತಿಳಿಯುವುದೂ ಇಲ್ಲ. ದಡದ ಬಳಿ ಆಳ ಕಡಿಮೆಯಾದಂತೆ ವೇಗ ಕುಗ್ಗಿ ಎತ್ತರ ಬೆಳೆಯುತ್ತದೆ.

2004ನೆಯ ಇಸವಿ ಡಿಸೆಂಬರ್ 26, ಭಾನುವಾರ. ಬೆಳಗ್ಗೆ 6 ಗಂಟೆ 29 ನಿಮಿಷಕ್ಕೆ ಸುಮಾತ್ರದ ಬಳಿ 9.1 ಪ್ರಮಾಣದ ಭೂಕಂಪವಾಯಿತು. ಅಲೆ ಚೆನ್ನೈಯನ್ನು ಮುಟ್ಟಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ಅವಕಾಶವಿದ್ದರೂ ಎಚ್ಚರಿಸುವವರಿರಲಿಲ್ಲ. ಬೆಳಗಿನ ಕಂಪನ ಈ ನಗರದಲ್ಲಿಯೂ ಹಲವರಿಗೆ ತಿಳಿದಿತ್ತು. ಅದರ ಅರ್ಥ ತಿಳಿದಿರಲಿಲ್ಲ. ಹಿಂದೂ ಮಹಾಸಾಗರದ ಸುತ್ತ ಎರಡು ಲಕ್ಷಕ್ಕೂ ಮಿಕ್ಕು ಜನ ಮಡಿದರು.

2007ರಿಂದ ಹೈದರಾಬಾದಿನಲ್ಲಿ ಭಾರತದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವಿದೆ. ಭೂಕಂಪಮಾಪಕಗಳು ಕಂಪನದ ನೆಲೆಯನ್ನೂ ಬಲವನ್ನೂ ಕೆಲವೇ ನಿಮಿಷಗಳಲ್ಲಿ ತಿಳಿಸುತ್ತವೆ. ಕಡಲ ತಳದಲ್ಲಿಟ್ಟ ಒತ್ತಡಮಾಪಕವು ತನ್ನ ಮೇಲಣ ನೀರಿನ ಭಾರದಲ್ಲಾಗುವ ಅಲ್ಪ ವ್ಯತ್ಯಾಸವನ್ನೂ ಅರಿತು, ಮೇಲೆ ತೇಲುವ ಬುರುಡೆಗೆ ಸುದ್ದಿ ಕೊಡುತ್ತದೆ. ಅಲ್ಲಿಂದ ಅದು ಉಪಗ್ರಹದ ಮೂಲಕ ಕೇಂದ್ರಕ್ಕೆ ಸೇರುತ್ತದೆ. ದಡದ ಉಬ್ಬರಮಾಪಕಗಳು ಅದನ್ನು ದೃಢಪಡಿಸುತ್ತವೆ.

“ಹಾಗಾದರೆ ನಮಗೇಕೆ ಚಿಂತೆ? ಯಂತ್ರಗಳಿವೆಯಲ್ಲ!” ಎನ್ನುವವರುಂಟು. ನನ್ನ ಅಭಿಪ್ರಾಯ ಬೇರೆ. ದೂರದ ಅಲೆಗೆ ಯಂತ್ರವೇ ಕಣ್ಣು, ನಿಜ. ಆದರೆ 2018ರಲ್ಲಿ ಇಂಡೋನೇಷ್ಯದ ಪಾಲು ನಗರಕ್ಕೆ ಅಲೆ ಕೆಲವೇ ನಿಮಿಷಗಳಲ್ಲಿ ಬಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ಅನಾಕ್ ಕ್ರಕಟೋವಾ ಜ್ವಾಲಾಮುಖಿಯ ಮಗ್ಗುಲು ಕಡಲಿಗೆ ಕುಸಿದು ಎದ್ದ ಅಲೆಗೆ ಮುನ್ಸೂಚನೆಯೇ ಇರಲಿಲ್ಲ. ಎಚ್ಚರಿಕೆ ಬಂದರೂ, ಅದನ್ನು ಕೇಳಿದವನು ಅಲೆ ನೋಡಲೆಂದು ದಡಕ್ಕೆ ಓಡಿದರೆ ಯಂತ್ರವೇನು ಮಾಡೀತು?

ಸುಮಾತ್ರದ ಸಮೀಪದ ಸಿಮೆಯುಲುಎ ದ್ವೀಪದಲ್ಲಿ 1907ರಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಬದುಕಿದವರು ‘ಸ್ಮೊಂಗ್’ ಎಂಬ ಹೆಸರಿನಲ್ಲಿ ಆ ಕಥೆಯನ್ನು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳುತ್ತ ಬಂದರು: ನೆಲ ಬಲವಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು. 2004ರಲ್ಲಿ ಅಲ್ಲಿಯ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ಅದೇ ದಿನ ಥಾಯ್ಲೆಂಡಿನ ಒಂದು ಕಡಲತೀರದಲ್ಲಿ, ಇಂಗ್ಲೆಂಡಿನ ಹತ್ತು ವರ್ಷದ ಬಾಲಕಿ ಟಿಲ್ಲಿ ಸ್ಮಿತ್, ನೊರೆಗಟ್ಟಿದ ನೀರನ್ನು ಕಂಡು, ಎರಡು ವಾರಗಳ ಹಿಂದೆ ಕೇಳಿದ ಭೂಗೋಳದ ಪಾಠವನ್ನು ನೆನೆದು ಕೂಗಿ ಹೇಳಿದಳು. ಸುಮಾರು ನೂರು ಜನರು ಉಳಿದುಕೊಂಡರು. ಅಜ್ಜಿಯ ಕಥೆಯೂ ಶಾಲೆಯ ಪಾಠವೂ ಒಂದೇ ಕೆಲಸವನ್ನು ಮಾಡಿದವು.

ಆದಕಾರಣ, ವಿದ್ಯಾರ್ಥಿ ಮಿತ್ರರೆ, ಇಷ್ಟನ್ನು ಮನಸ್ಸಿನಲ್ಲಿಡಿ. ದಡದಲ್ಲಿದ್ದಾಗ ನೆಲ ಬಲವಾಗಿ ಅಥವಾ ಬಹಳ ಹೊತ್ತು ನಡುಗಿದರೆ, ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ ಇಲ್ಲವೆ ಮೊರೆದರೆ, ಯಾರ ಅಪ್ಪಣೆಗೂ ಕಾಯದೆ ಎತ್ತರಕ್ಕೋ ಒಳನಾಡಿಗೋ ಹೋಗಬೇಕು. ಕಡಲು ಯಾವಾಗಲೂ ಮೊದಲು ಹಿಂದೆ ಸರಿಯುವುದೆಂದು ನಂಬಬಾರದು. ಮೊದಲು ಏರಿಯೇ ಬರಬಹುದು. ಮೊದಲಿನ ಅಲೆಯೇ ಕೊನೆಯದೆಂದು ತಿಳಿದು ಮರಳಬಾರದು, ಮುಂದಿನದು ದೊಡ್ಡದಿರಬಹುದು.

ನಮ್ಮಲ್ಲಿ ಬಹುಮಂದಿಯ ಮನೆಗಳಲ್ಲಿ ಹಿರಿಯರು ಒಳನಾಡಿನಿಂದ ಬಂದವರು. ಅವರು ಕೆರೆಯ ಗುಣವನ್ನು ಬಲ್ಲರು, ಕಡಲಿನದನ್ನು ಅರಿಯರು. ಆದಕಾರಣ ಈ ಪಾಠವನ್ನು ಅವರಿಗೆ ನೀವೇ ಹೇಳಬೇಕು. ಪರೀಕ್ಷೆಗೆ ಬರಲಿ, ಬಾರದಿರಲಿ, ಇಂದು ಸಂಜೆ ಮನೆಯಲ್ಲಿ ಒಮ್ಮೆ ಹೇಳಿರಿ.