ಬೇಲಿ ಕಿತ್ತವರು ಯಾರು, ದಂಡ ತೆತ್ತವರು ಯಾರು?

ಕಾಡಿನ ಲೆಕ್ಕವನ್ನು ಬರಿಯ ಟನ್ನಿನಲ್ಲಿ ಬರೆಯುವ ಸರಕಾರವು ಕೊನೆಗೆ ಕಾಡನ್ನೂ ಕಳೆಯುತ್ತದೆ, ದುಡಿಯುವವನ ಅನ್ನವನ್ನೂ ಕಳೆಯುತ್ತದೆ. ಇದು ಬಾಯಿಮಾತಲ್ಲ. ಉತ್ತರ ಕನ್ನಡದ ಬಿದಿರೇ ಇದಕ್ಕೆ ಸಾಕ್ಷಿ.

೧೯೫೦ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಗಿರಣಿ ಎದ್ದಿತು. ಗಿರಣಿ ಬಂದದ್ದೇ ತಪ್ಪೆಂದು ನಾವು ಹೇಳುವವರಲ್ಲ. ಎಷ್ಟೋ ಕಾಮಗಾರರ ಮನೆಯ ಒಲೆ ಅದರಿಂದ ಉರಿದಿದೆ. ತಪ್ಪು ಇದ್ದದ್ದು ಕರಾರಿನಲ್ಲಿ. ಸರಕಾರವು ಗಿರಣಿಗೆ ಬಿದಿರು ಕೊಟ್ಟದ್ದು ಟನ್ನಿಗೆ ೧.೫೦ ರೂಪಾಯಿಯಂತೆ! ಬುಟ್ಟಿ, ಮೊರ, ತಟ್ಟಿ ಹೆಣೆದು ಹೊಟ್ಟೆ ಹೊರೆಯುವ ಮೇದಾರನು ಅದೇ ಬಿದಿರಿಗೆ ಪೇಟೆಯಲ್ಲಿ ಅದರ ನೂರಾರು ಪಟ್ಟು ತೆರಬೇಕಾಯಿತು. ಪುಕ್ಕಟೆಯಾಗಿ ಸಿಕ್ಕಿದ್ದನ್ನು ಯಾರು ಹಿತಮಿತವಾಗಿ ಬಳಸುತ್ತಾರೆ?

ಬಿದಿರು ಸವೆಯುತ್ತ ಬಂದಿತು. ಗಿರಣಿಯೇ ಕಾಡು ತಿಂದಿತೆಂದು ಮೇದಾರರು ಕೂಗಿದರು. ಇಲಾಖೆಯವರೂ ಗಿರಣಿಯವರೂ ಹಳ್ಳಿಯ ದನಗಳತ್ತ, ಹಳ್ಳಿಗನ ಕತ್ತಿಯತ್ತ ಬೆರಳು ತೋರಿಸಿದರು. ೧೯೭೫ರ ಸುಮಾರಿಗೆ ವಿಜ್ಞಾನಿ ಮಾಧವ ಗಾಡ್ಗೀಳರು ಇದರ ಪರಿಶೀಲನೆಗೆ ತೊಡಗಿದರು. ಅವರು ಕಾಡು ಸುತ್ತಿ ಕಂಡದ್ದೇನು? ಬಿದಿರುಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳ ಹೆಣಿಗೆ ಇರುತ್ತದೆ. ಎಳೆಯ ಕಳಲೆಯನ್ನು ದನಗಳಿಂದ, ಕಾಡುಮೃಗಗಳಿಂದ ಕಾಯುವ ಬೇಲಿ ಅದು. ಕಡಿಯಲು ಅನುಕೂಲವಾಗಲೆಂದು ಆ ಮುಳ್ಳನ್ನೇ ಸವರಿಹಾಕಿದ್ದರು. ಮುಳ್ಳು ಹೋಯಿತು, ಕಳಲೆ ದನದ ಬಾಯಿಗೆ ಬಿದ್ದಿತು, ಮೆಳೆ ಬರಡಾಯಿತು. ಮುಳ್ಳಿನ ಗುಟ್ಟು ಹಳ್ಳಿಗರಿಗೆ ಮೊದಲೇ ಗೊತ್ತಿತ್ತು. ಅವರನ್ನು ಕೇಳಿದವರು ಯಾರು?

ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ನಾವೆಲ್ಲ ಬಲ್ಲೆವು. ಇಲ್ಲಿ ಕಾಯಬೇಕಾದವರೇ ಬೇಲಿ ಕಿತ್ತರು, ಅಪರಾಧವನ್ನು ದನ ಕಾಯುವವನ ತಲೆಗೆ ಕಟ್ಟಿದರು!

ಗಿರಣಿಯ ಮಾಲಿಕನಿಗೇನು? ಇಲ್ಲಿಯ ಬಿದಿರು ತೀರಿದರೆ ದೂರದ ಪ್ರಾಂತಗಳಿಂದ ತರಿಸುತ್ತಾನೆ, ಅದೂ ತೀರಿದರೆ ನೀಲಗಿರಿ ನೆಡಿಸುತ್ತಾನೆ. ಮೇದಾರನು ತನ್ನ ಕಸುಬನ್ನು ಎಲ್ಲಿಗೆ ಹೊತ್ತು ಹೋಗಬೇಕು? ಕಚ್ಚಾಮಾಲು ತುಟ್ಟಿಯಾದಾಗ ಮೊದಲು ಕುತ್ತು ಬರುವುದು ಕಾಮಗಾರನ ಪಗಾರಕ್ಕೆ. ಇವರಿಬ್ಬರ ಕೈಯಲ್ಲಿ ಕಾಸಿಲ್ಲದ ದಿನ ಸಂತೆಯ ಅಂಗಡಿಕಾರನ ತಕ್ಕಡಿಯೂ ಏಳದು. ಆದುದರಿಂದ ಕಾಡಿನ ಪ್ರಶ್ನೆ ಕಾಡಿನವರದಷ್ಟೇ ಅಲ್ಲ, ನಮ್ಮದೂ ಹೌದು.

ಹಳ್ಳಿಗರ ಕೈಗೆ ಕಾಡು ಕೊಟ್ಟರೆ ಒಂದೇ ವರ್ಷದಲ್ಲಿ ಬೋಳಿಸಿಯಾರೆಂದು ದೊಡ್ಡವರು ಹೆದರಿಸುತ್ತಾರೆ. ಅವರು ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ ಗ್ರಾಮವನ್ನು ನೋಡಿಬರಲಿ. ೨೦೦೬ರ ಅರಣ್ಯ ಹಕ್ಕು ಕಾನೂನಿನಂತೆ ೨೦೦೯ರಲ್ಲಿ ಆ ಗೊಂಡರ ಹಳ್ಳಿಗೆ ಸುಮಾರು ೧,೮೦೦ ಹೆಕ್ಟೇರು ಕಾಡಿನ ಸಾಮೂಹಿಕ ಹಕ್ಕು ದೊರಕಿತು. ಬಿದಿರು ಸಾಗಿಸುವ ಪರವಾನಗಿಗಾಗಿ ಮತ್ತೂ ಹೋರಾಡಿ ೨೦೧೧ರಲ್ಲಿ ಅದನ್ನೂ ಪಡೆದರು. ಅಲ್ಲಿ ಬಿದಿರು ಮಾರುವುದು ಗ್ರಾಮಸಭೆ. ಕಡಿಯುವವರೂ ಅವರೇ, ಕಾಯುವವರೂ ಅವರೇ. ನಾಳೆಯ ಕಳಲೆ ತನ್ನದೆಂದು ಬಲ್ಲವನು ಇಂದು ಮುಳ್ಳು ಸವರುವುದಿಲ್ಲ.

ಅದೇ ಕಾನೂನು ನಮ್ಮ ನಾಡಿಗೂ ಇದೆ. ಬಿದಿರು ಕಿರು ಅರಣ್ಯ ಉತ್ಪನ್ನವೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ನಮ್ಮ ಬೇಡಿಕೆಗಳು ಮೂರು: ಕಾಡಂಚಿನ ಹಳ್ಳಿಗಳಿಗೆ ಸಾಮೂಹಿಕ ಹಕ್ಕುಪತ್ರ ಕೊಡಿರಿ, ಮೇದಾರನಿಗೊಂದು ಬೆಲೆ, ಗಿರಣಿಗೊಂದು ಬೆಲೆ ಎಂಬ ಅನ್ಯಾಯ ಇನ್ನು ಮರುಕಳಿಸದಿರಲಿ, ಕಾಡಿನ ಯೋಜನೆ ಬರೆಯುವ ಮೇಜಿನ ಮುಂದೆ ಹಳ್ಳಿಗನಿಗೂ ಕಾಮಗಾರನಿಗೂ ಕುರ್ಚಿ ಹಾಕಿರಿ.

ಕೇಳದಿದ್ದರೆ ಕೊಡುವವರಿಲ್ಲ. ಸಂಘದ ಮುಂದಿನ ಸಭೆಯಲ್ಲಿ ಪಗಾರದ ಮಾತಿನ ಜೊತೆಗೆ ಈ ಮಾತೂ ಬರಲಿ.