ಅದು ಲಕ್ ಅಲ್ಲ ಮಾರಾಯ್ರೇ!

2025ರ ಜುಲೈ 25ರಂದು ಬಿಡುಗಡೆಯಾದ ‘ಸು ಫ್ರಮ್ ಸೋ’ ಚಿತ್ರದ ಗಳಿಕೆ 100 ಕೋಟಿ ರೂಪಾಯಿ ದಾಟಿತು ಎಂಬ ಸುದ್ದಿ ಬಂದ ಮೇಲೆ ನಮ್ಮ ಗೆಳೆಯರ ಗುಂಪಿನಲ್ಲಿ ಕೇಳಿದ್ದು ಒಂದೇ ಮಾತು: ‘ಲಕ್ ಅಂದ್ರೆ ಇದು!’ ದೊಡ್ಡ ಸ್ಟಾರ್ ಇಲ್ಲ, ಭಾರೀ ಸೆಟ್ ಇಲ್ಲ. ಖರ್ಚು ಐದಾರು ಕೋಟಿಯ ಆಸುಪಾಸು ಎಂದು ವರದಿಗಳು ಹೇಳಿದವು. ಒಂದು ಊರು, ಅಲ್ಲಿಗೊಂದು ದೆವ್ವದ ಪುಕಾರು, ಹೊಟ್ಟೆ ಹುಣ್ಣಾಗುವಷ್ಟು ನಗು. ಇಷ್ಟೇ ಬಂಡವಾಳ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಗೆಳೆಯನೊಬ್ಬ, ‘ಪುಸ್ತಕ ಮಡಚಿಟ್ಟು ಒಂದು ಕಥೆ ಬರೆದು ಗಾಂಧಿನಗರಕ್ಕೆ ಹೋಗೋದೇ ವಾಸಿ’ ಎಂದ. ಅರ್ಧ ತಮಾಷೆಗೆ ಹೇಳಿದ ಮಾತು. ಉಳಿದರ್ಧ ತಮಾಷೆಯಲ್ಲ ಎಂಬುದು, ಡಿಗ್ರಿ ಮುಗಿದು ಎರಡು ವರ್ಷವಾದರೂ ಅರ್ಜಿ ತುಂಬುತ್ತಲೇ ಇರುವ ನನಗೆ ಚೆನ್ನಾಗಿ ಗೊತ್ತು.

ಹಾಗಾಗಿಯೇ ಈ ಗೆಲುವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು ಅನ್ನಿಸಿತು. ಇದನ್ನು ಅದೃಷ್ಟ ಎಂದು ಕರೆದರೆ ಎರಡು ನಷ್ಟ. ದುಡಿದವರ ವರ್ಷಗಳು ಲೆಕ್ಕಕ್ಕೇ ಬರುವುದಿಲ್ಲ. ನಮ್ಮಂಥವರು ಲಾಟರಿ ಟಿಕೆಟ್ ಕೊಂಡ ಹಾಗೆ ಸಿನಿಮಾದ ಕನಸನ್ನು ಕೊಂಡುಬಿಡುತ್ತೇವೆ.

ಇವರೆಲ್ಲ ಎಲ್ಲಿಂದ ಬಂದರು?

ಕಥೆ ಎಲ್ಲರಿಗೂ ಗೊತ್ತು. ಕರಾವಳಿಯ ಹಳ್ಳಿಯ ಅಶೋಕ ಮಾಡಬಾರದ್ದೊಂದು ಮಾಡಿ ಸಿಕ್ಕಿಬೀಳುವ ಹೊತ್ತಿಗೆ ಮೈಮೇಲೆ ದೆವ್ವ ಬಂದವನಂತೆ ಆಡುತ್ತಾನೆ. ಬಂದದ್ದು ಸೋಮೇಶ್ವರದ ಸುಲೋಚನಾ ಎಂದು ಊರು ನಂಬುತ್ತದೆ. ಸುಲೋಚನಾ ಫ್ರಮ್ ಸೋಮೇಶ್ವರ, ಅದೇ ‘ಸು ಫ್ರಮ್ ಸೋ’. ನಗುತ್ತ ಸಾಗುವ ಕಥೆ ಕೊನೆಗೆ ಬಂದು ನಿಲ್ಲುವುದು ಒಬ್ಬ ಹೆಣ್ಣುಮಗಳ ನಿಜವಾದ ಸಂಕಟದ ಎದುರು.

ಅಶೋಕನ ಪಾತ್ರ ಮಾಡಿದ ಜೆ.ಪಿ. ತುಮಿನಾಡು ಅವರೇ ಚಿತ್ರದ ಬರಹಗಾರ, ನಿರ್ದೇಶಕ. ಕನ್ನಡದಲ್ಲಿ ನಿರ್ದೇಶಕರಾಗಿ ಇದು ಅವರ ಮೊದಲ ಚಿತ್ರ ನಿಜ. ಆದರೆ ಪ್ರೇಕ್ಷಕರ ಎದುರು ಇದು ಮೊದಲ ದಿನವಲ್ಲ. ತುಮಿನಾಡು ಇರುವುದು ತಲಪಾಡಿ ಗಡಿ ದಾಟಿದ ಮೇಲೆ ಸಿಗುವ ಮಂಜೇಶ್ವರದ ಕಡೆ, ಅಂದರೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ಆ ನೆಲದ ತುಳು ರಂಗಭೂಮಿಯಲ್ಲಿ ಬರೆದು, ನಟಿಸಿ ಪಳಗಿದವರು ಅವರು. ಅದೇ ಊರಿನ ಹೆಸರು ಹೊತ್ತ ಪ್ರಕಾಶ್ ತುಮಿನಾಡು ಅವರನ್ನು ನಾವು 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಚಿತ್ರದ ಭುಜಂಗನಾಗಿ ಮೊದಲು ಗುರುತಿಸಿದೆವು. ಅವರನ್ನೂ ದೀಪಕ್ ರೈ ಪಾಣಾಜೆ ಅವರನ್ನೂ 2022ರ ‘ಕಾಂತಾರ’ದಲ್ಲಿ ಮತ್ತೆ ನೋಡಿದೆವು. ಮೈಮ್ ರಾಮದಾಸ್ ಅವರ ಹೆಸರಿನಲ್ಲೇ ಅವರ ಕಲೆ ಇದೆ. ರವಿಯಣ್ಣನಾಗಿ ಶನೀಲ್ ಗೌತಮ್, ಭಾನುವಾಗಿ ಸಂಧ್ಯಾ ಅರಕೆರೆ ಇದ್ದಾರೆ. ಗುರೂಜಿಯಾಗಿ ಬರುವ ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು. 2017ರಲ್ಲಿ ‘ಒಂದು ಮೊಟ್ಟೆಯ ಕಥೆ’ ಬಂದಾಗ ಅವರೂ ಗಾಂಧಿನಗರದ ಪಾಲಿಗೆ ಹೊರಗಿನವರೇ ಆಗಿದ್ದರು.

‘ಹೊಸ ಮುಖಗಳು’ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಇವರು ನಮಗೆ ಹೊಸಬರು ಅಷ್ಟೆ, ಕೆಲಸಕ್ಕೆ ಹೊಸಬರಲ್ಲ.

ಪ್ರತಿ ರಾತ್ರಿಯೂ ಪರೀಕ್ಷೆ

ತುಳು ನಾಟಕವನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಮಳೆ ನಿಂತ ಮೇಲೆ ಕರಾವಳಿಯಲ್ಲಿ ಜಾತ್ರೆ, ಬ್ರಹ್ಮಕಲಶ, ಸಂಘದ ವಾರ್ಷಿಕೋತ್ಸವ ಎಲ್ಲದಕ್ಕೂ ನಾಟಕ ಬೇಕು. ದೇವದಾಸ್ ಕಾಪಿಕಾಡ್, ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರಂಥವರು ಕಟ್ಟಿದ ತಂಡಗಳಿಗೆ ತಮ್ಮದೇ ಪ್ರೇಕ್ಷಕರಿದ್ದಾರೆ. ಕೊಡಿಯಾಲ್‌ಬೈಲ್ ಅವರ ನಾಟಕವೇ 2011ರಲ್ಲಿ ‘ಒರಿಯರ್ದೊರಿ ಅಸಲ್’ ಸಿನಿಮಾ ಆಗಿ ತುಳು ಚಿತ್ರರಂಗಕ್ಕೆ ಹೊಸ ಉಸಿರು ಕೊಟ್ಟಿತು. ಅವರದೇ ‘ಶಿವದೂತ ಗುಳಿಗೆ’ ನೂರಾರು ಪ್ರದರ್ಶನ ಕಂಡಿದೆ. ಅದರಲ್ಲಿ ಗುಳಿಗನಾಗಿ ಹೆಸರು ಮಾಡಿದ ಸ್ವರಾಜ್ ಶೆಟ್ಟಿ ‘ಕಾಂತಾರ’ದಲ್ಲಿ ಗುರುವನಾದರು.

ನನ್ನ ದೊಡ್ಡಮ್ಮನ ಮಗ ಒಂದು ನಾಟಕ ತಂಡಕ್ಕೆ ಲೈಟ್ ಹಾಕುತ್ತಾನೆ. ಹಗಲು ಎಲೆಕ್ಟ್ರಿಕಲ್ ಅಂಗಡಿ, ರಾತ್ರಿ ನಾಟಕ. ಅವನು ಒಮ್ಮೆ ಹೇಳಿದ ಮಾತು ನನಗೆ ಈಗ ಅರ್ಥವಾಗುತ್ತಿದೆ: ‘ಜನರ ನಗು ಇಳಿಯುವ ಮೊದಲೇ ಮುಂದಿನ ಮಾತು ಹೇಳಿದರೆ ಆ ಮಾತು ಸತ್ತಿತು. ಪೂರ್ತಿ ಇಳಿದ ಮೇಲೆ ಹೇಳಿದರೆ ಜನ ಮೊಬೈಲ್ ತೆಗೆಯುತ್ತಾರೆ.’ ನಡುವಿನ ಆ ಒಂದು ಕ್ಷಣ ಯಾವುದೆಂದು ಪುಸ್ತಕ ಓದಿ ಕಲಿಯಲಾಗದು. ಇವತ್ತು ನಗು ಬರಲಿಲ್ಲವೆಂದರೆ ನಾಳೆ ಮಾತು ಬದಲಿಸಬೇಕು. ನಾಡಿದ್ದು ಬೇರೆ ಊರು, ಬೇರೆ ಜನ, ಮತ್ತೆ ಪರೀಕ್ಷೆ. ಫಲಿತಾಂಶಕ್ಕೆ ಎರಡು ವರ್ಷ ಕಾಯುವ ಪರೀಕ್ಷೆಯಲ್ಲ ಅದು, ಎರಡು ಸೆಕೆಂಡಿನಲ್ಲಿ ಫಲಿತಾಂಶ.

ಹಾರರ್ ಕಾಮಿಡಿಗೆ ಬೇಕಾದದ್ದು ಈ ವಿದ್ಯೆಯೇ. ಹೆದರಿಸುವುದಕ್ಕೂ ನಗಿಸುವುದಕ್ಕೂ ಸರಿಯಾದ ಹೊತ್ತು ಗೊತ್ತಿರಬೇಕು. ಬಾಗಿಲು ಕಿರ್ರೆಂದ ಮೇಲೆ ಎಷ್ಟು ಹೊತ್ತು ಮೌನ, ಆಮೇಲೆ ಯಾರ ಮುಖ, ಆ ಮುಖದ ಮೇಲೆ ಎಷ್ಟು ಹೊತ್ತು? ಕೊಂಚ ಹೆಚ್ಚಾದರೆ ಹೆದರಿಕೆ ಹೋಯಿತು, ಕಡಿಮೆಯಾದರೆ ನಗು ಹೋಯಿತು. ಗುಂಪಿನಲ್ಲಿ ಹತ್ತು ಜನ ನಿಂತಿರುವ ದೃಶ್ಯದಲ್ಲಿ ಹಿಂದೆ ನಿಂತವನ ಕಣ್ಣು ತಪ್ಪು ಕಡೆ ತಿರುಗಿದರೂ ಸಾಕು, ದೃಶ್ಯ ಕೆಟ್ಟಿತು. ಒಬ್ಬ ನಾಯಕ ಎಷ್ಟೇ ಚೆನ್ನಾಗಿ ಮಾಡಿದರೂ ಇಡೀ ತಂಡಕ್ಕೆ ಒಂದೇ ತಾಳ ಇಲ್ಲದಿದ್ದರೆ ಈ ಪ್ರಕಾರ ನಿಲ್ಲುವುದಿಲ್ಲ.

ಇನ್ನೂ ಒಂದು ಸಂಗತಿ. ಗಂಡಸೊಬ್ಬ ‘ನಾನು ಸುಲೋಚನಾ’ ಎಂದು ಆಡಿದರೆ ನಮ್ಮ ಕಡೆಯವರು ಅಷ್ಟು ಬೇಗ ಅದರೊಳಗೆ ಹೋಗುವುದೇಕೆ? ಯಕ್ಷಗಾನದ ಸ್ತ್ರೀವೇಷ, ನಾಟಕದಲ್ಲಿ ಗಂಡಸರೇ ಮಾಡುತ್ತಿದ್ದ ಹೆಣ್ಣು ಪಾತ್ರ, ಇವನ್ನೆಲ್ಲ ನೋಡುತ್ತ ಬೆಳೆದ ಜನ ಇವರು. ನಟಿಸುವವನಿಗೂ ನೋಡುವವನಿಗೂ ಆ ಆಟದ ನಿಯಮ ಗೊತ್ತು. ಅದನ್ನು ದುಡ್ಡು ಕೊಟ್ಟು ತರಿಸಿಕೊಳ್ಳಲಾಗದು.

ಹಿಂದೆ ನಾವು ದೆವ್ವಗಳನ್ನು ಹೊರಗಿನಿಂದಲೇ ತರಿಸಿಕೊಳ್ಳುತ್ತಿದ್ದೆವು ಎಂಬುದನ್ನೂ ನೆನೆಯಬೇಕು. 2004ರ ‘ಆಪ್ತಮಿತ್ರ’ಕ್ಕೆ ಮೂಲ 1993ರ ಮಲಯಾಳದ ‘ಮಣಿಚಿತ್ರತಾಳ್’. 2012ರ ‘ಕಲ್ಪನಾ’ಕ್ಕೆ ಮೂಲ ತಮಿಳಿನ ‘ಕಾಂಚನಾ’. ಈ ಸಲ ಗಾಡಿ ತಿರುಗಿತು. ಮಲಯಾಳದಲ್ಲಿ ದುಲ್ಕರ್ ಸಲ್ಮಾನ್ ಅವರ ವೇಫೇರರ್ ಫಿಲ್ಮ್ಸ್, ತೆಲುಗಿನಲ್ಲಿ ಮೈತ್ರಿ ಮೂವಿ ಮೇಕರ್ಸ್ ನಮ್ಮ ಸುಲೋಚನಾಳನ್ನು ಕರೆದೊಯ್ದವು. ತೀರಾ ಊರಿನದಾದ ಕಥೆಯೇ ಊರು ದಾಟಿತು.

ತೆರೆಯ ಹಿಂದಿನವರ ಹೆಸರು

ಇದುವರೆಗೆ ಹೇಳಿದ್ದು ಮುಖ ಕಂಡವರ ಬಗ್ಗೆ. ಕ್ಯಾಮೆರಾ ಹಿಡಿದ ಎಸ್. ಚಂದ್ರಶೇಖರನ್, ಸಂಕಲನ ಮಾಡಿದ ನಿತಿನ್ ಶೆಟ್ಟಿ, ಹಾಡುಗಳಿಗೆ ಸಂಗೀತ ಕೊಟ್ಟ ಸುಮೇಧ್ ಕೆ., ಹಿನ್ನೆಲೆ ಸಂಗೀತದ ಸಂದೀಪ್ ತುಳಸಿದಾಸ್, ಈ ಹೆಸರುಗಳು ನಮ್ಮಲ್ಲಿ ಎಷ್ಟು ಜನರಿಗೆ ಬಾಯಿಗೆ ಬರುತ್ತವೆ? ಮೇಲೆ ಹೇಳಿದ ಮೌನದ ಉದ್ದವನ್ನು ಕೊನೆಗೆ ನಿರ್ಧರಿಸುವುದು ಸಂಕಲನದ ಮೇಜಿನ ಮೇಲೆ. ನಾವು ಬೆಚ್ಚಿಬೀಳುವುದು ಅರ್ಧ ಕಿವಿಯಿಂದ.

ಹಿಂದಿಯಲ್ಲಿ ಇದೇ ಪ್ರಕಾರದಲ್ಲಿ ದೊಡ್ಡ ಚರ್ಚೆ ಆಗಿತ್ತು. 2018ರ ‘ಸ್ತ್ರೀ’ ಚಿತ್ರದ ಬೀಜ ನಮ್ಮದೇ. ಬೆಂಗಳೂರಿನ ಬಾಗಿಲುಗಳ ಮೇಲೆ ಒಂದು ಕಾಲದಲ್ಲಿ ಬರೆದಿದ್ದ ‘ನಾಳೆ ಬಾ’ ಎಂಬ ಎರಡು ಪದ ಮಧ್ಯಪ್ರದೇಶದ ಚಂದೇರಿಗೆ ಹೋಗಿ ಸಿನಿಮಾ ಆಯಿತು. 2024ರ ಆಗಸ್ಟ್‌ನಲ್ಲಿ ‘ಸ್ತ್ರೀ 2’ ಭಾರೀ ಗೆಲುವು ಕಂಡಾಗ ಶ್ರೇಯಸ್ಸು ಯಾರದ್ದು ಎಂಬ ಜಗಳ ಅಭಿಮಾನಿಗಳಲ್ಲಿ ಎದ್ದಿತು. ನಾಯಕಿಯದ್ದೋ, ನಾಯಕನದ್ದೋ, ಪೋಷಕ ನಟರದ್ದೋ? ಬರೆದ ನಿರೇನ್ ಭಟ್, ನಿರ್ದೇಶಿಸಿದ ಅಮರ್ ಕೌಶಿಕ್ ಅವರದ್ದು ಎನ್ನುವವರ ದನಿ ಸಣ್ಣದಿತ್ತು. ಲೈಟ್ ಹೊತ್ತವರ ಹೆಸರಂತೂ ಆ ಜಗಳದಲ್ಲಿ ಬರಲೇ ಇಲ್ಲ.

ಇದು ಬರೀ ಮರ್ಯಾದೆಯ ಪ್ರಶ್ನೆ ಎಂದು ಮೊದಲು ನಾನೂ ಅಂದುಕೊಳ್ಳಬಹುದಿತ್ತು. ಆದರೆ ಕಾಲೇಜಿನ ಕೊನೆಯ ವರ್ಷ ಒಂದು ಕಿರುಚಿತ್ರಕ್ಕೆ ಮೂರು ದಿನ ಮೈಕ್ ಹಿಡಿದು ನಿಂತೆ. ದುಡ್ಡು ಕೇಳಿದ್ದಕ್ಕೆ ‘ಅನುಭವ ಸಿಗ್ತದಲ್ಲ’ ಅಂದರು. ಆಯಿತು. ಬಿಡುಗಡೆಯಾದಾಗ ನೋಡಿದರೆ ಟೈಟಲ್ ಕಾರ್ಡಿನಲ್ಲೂ ಹೆಸರಿಲ್ಲ. ಹಾಗಾದರೆ ಆ ಅನುಭವವನ್ನು ಬಯೋಡೇಟಾದಲ್ಲಿ ಬರೆದುಕೊಳ್ಳುವುದು ಯಾವ ಧೈರ್ಯದ ಮೇಲೆ? ಹೆಸರು ಎಂದರೆ ಹೊಗಳಿಕೆಯಲ್ಲ, ದಾಖಲೆ.

ಈ ದಾಖಲೆ ಈಗ ಇನ್ನಷ್ಟು ಮುಖ್ಯ. ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದಲ್ಲಿ ದುಡಿಯುವವರ ಕ್ಷೇಮಾಭಿವೃದ್ಧಿಗೆಂದು ರಾಜ್ಯ ಸರ್ಕಾರ ತಂದ ಮಸೂದೆಗೆ 2024ರ ಜುಲೈನಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಸಿನಿಮಾ ಟಿಕೆಟ್ ಮತ್ತು ಒಟಿಟಿ ಚಂದಾ ಮೇಲೆ ಶೇ 1ರಿಂದ ಶೇ 2ರವರೆಗೆ ಸೆಸ್ ಹಾಕಿ, ಅದರಿಂದ ಕಲಾವಿದರು ಮತ್ತು ತಂತ್ರಜ್ಞರಿಗೆ ಸಾಮಾಜಿಕ ಭದ್ರತೆ ಕೊಡುವುದು ಅದರ ಉದ್ದೇಶ. 200 ರೂಪಾಯಿಯ ಟಿಕೆಟ್‌ಗೆ ಲೆಕ್ಕ ಹಾಕಿ: ಹೆಚ್ಚೆಂದರೆ 4 ರೂಪಾಯಿ. ರಾಜ್ಯದಲ್ಲಿ 50 ಕೋಟಿ ರೂಪಾಯಿಯ ಟಿಕೆಟ್ ಮಾರಾಟವಾದ ಒಂದು ಚಿತ್ರದಿಂದ 50 ಲಕ್ಷದಿಂದ 1 ಕೋಟಿ ರೂಪಾಯಿ. ಪಾಪ್‌ಕಾರ್ನ್‌ಗೆ ಕೊಡುವ ದುಡ್ಡಿನ ಮುಂದೆ ಆ 4 ರೂಪಾಯಿ ನನಗೆ ಭಾರವಲ್ಲ.

ಆದರೆ ಇಂಥ ಯಾವ ಯೋಜನೆಗೂ ನೋಂದಣಿ ಬೇಕು. ನೋಂದಣಿಗೆ ಹೋದವನಿಗೆ ‘ಎಲ್ಲಿ ಕೆಲಸ ಮಾಡಿದ್ದೀರಿ, ಏನು ಸಾಕ್ಷಿ?’ ಎಂಬ ಪ್ರಶ್ನೆ ಎದುರಾಗದೆ ಇರದು. ಸ್ಟಾರ್‌ಗೆ ಆ ಪ್ರಶ್ನೆ ಇಲ್ಲ. ಜಾತ್ರೆಯಿಂದ ಜಾತ್ರೆಗೆ ಟೆಂಪೋದಲ್ಲಿ ಹೋಗಿ, ಕೈಗೆ ಕೊಟ್ಟ ನಗದು ಜೇಬಿಗೆ ಹಾಕಿಕೊಂಡು ಬರುವ ನನ್ನಣ್ಣನಂಥವನು ಏನು ತೋರಿಸುತ್ತಾನೆ? ಹತ್ತು ವರ್ಷ ಲೈಟ್ ಹಾಕಿದ್ದಕ್ಕೆ ಅವನ ಬಳಿ ಇರುವುದು ಕೈ ಮೇಲಿನ ಸುಟ್ಟ ಗುರುತು, ಒಂದು ರಸೀದಿಯೂ ಇಲ್ಲ. ಕಾನೂನು ಕಾಗದದಿಂದ ಕೆಳಗಿಳಿದು ಇಂಥವರನ್ನು ತಲುಪಬೇಕಾದರೆ ನಾಟಕ ತಂಡಗಳು, ಸಂಘಗಳು, ಕಿರುಚಿತ್ರ ಮಾಡುವವರು ಕೂಡ ಕೆಲಸದ ಪಟ್ಟಿ ಇಡುವ ಅಭ್ಯಾಸ ಮಾಡಿಕೊಳ್ಳಬೇಕು. ಯಾರು, ಯಾವ ದಿನ, ಯಾವ ಕೆಲಸ, ಎಷ್ಟು ಸಂಭಾವನೆ. ನಾಲ್ಕು ಕಾಲಂಗಳ ಒಂದು ನೋಟ್‌ಬುಕ್ ಸಾಕು.

ನಮಗೆ ಇದರಲ್ಲಿ ಏನಿದೆ?

ತುಳು ರಂಗಭೂಮಿಯನ್ನು ಹೊಗಳುವ ಭರದಲ್ಲಿ ಅದರ ಕಷ್ಟವನ್ನು ಮುಚ್ಚಿಡಬಾರದು. ಆ ಶಾಲೆಯಲ್ಲಿ ಫೀಸಿಲ್ಲ, ಹಾಗೆಯೇ ಪಿ.ಎಫ್. ಕೂಡ ಇಲ್ಲ. ಮಳೆಗಾಲದಲ್ಲಿ ಆದಾಯ ಇಲ್ಲ. ಬಹಳ ಜನ ಹಗಲು ಒಂದು ಕೆಲಸ ಇಟ್ಟುಕೊಂಡೇ ರಾತ್ರಿ ಬಣ್ಣ ಹಚ್ಚುತ್ತಾರೆ. ರಾತ್ರಿ ಮುಗಿದು ಬೆಳಗಿನ ಜಾವ ಮನೆ ಸೇರುವ ಈ ದುಡಿಮೆಗೆ ಹೆಣ್ಣುಮಕ್ಕಳು ಬರಬೇಕಾದರೆ ಮನೆಯ ಒಪ್ಪಿಗೆಯಿಂದ ಹಿಡಿದು ವಾಹನದ ವ್ಯವಸ್ಥೆಯವರೆಗೆ ನೂರೆಂಟು ಅಡ್ಡಿ. ಹೆಣ್ಣಿನ ಸಂಕಟವನ್ನೇ ಕಥೆಯ ಕೊನೆಗೆ ಇಟ್ಟ ಚಿತ್ರವೊಂದು ಗೆದ್ದಾಗ, ಆ ಚಿತ್ರವನ್ನು ಕೊಟ್ಟ ರಂಗಭೂಮಿಯ ಹಿಂದೆ, ಮುಂದೆ ಎಷ್ಟು ಹೆಣ್ಣುಮಕ್ಕಳಿದ್ದಾರೆ ಎಂದು ಕೇಳುವ ಹಕ್ಕೂ ನಮಗಿದೆ.

ಹಾಗಾಗಿ ನನ್ನ ಗೆಳೆಯನಿಗೆ ‘ಹೋಗು’ ಎಂದೂ ಹೇಳಲಾರೆ, ‘ಬೇಡ’ ಎಂದೂ ಹೇಳಲಾರೆ. ಹೇಳುವುದು ಇಷ್ಟೇ. ಗಾಂಧಿನಗರದ ಬಾಗಿಲಲ್ಲಿ ಅವಕಾಶ ಕೇಳುತ್ತ ನಿಲ್ಲುವುದೇ ಮೊದಲ ಹೆಜ್ಜೆ ಅಲ್ಲ. ಧಾರವಾಡದಲ್ಲಿ, ಹೆಗ್ಗೋಡಿನ ನೀನಾಸಂನಲ್ಲಿ, ಮೈಸೂರಿನ ರಂಗಾಯಣದಲ್ಲಿ, ಕಡೆಗೆ ನಿಮ್ಮೂರಿನ ಗಣೇಶೋತ್ಸವದ ಚಪ್ಪರದಲ್ಲಿ ವೇದಿಕೆ ಇದೆ. ನಗದಿದ್ದರೆ ಎದ್ದು ಹೋಗುವ ಜನರ ಎದುರು ಹತ್ತು ಸಲ ನಿಂತು ಬನ್ನಿ. ನಟನೆ ಬಾರದಿದ್ದರೆ ಮೈಕ್, ಲೈಟ್, ಸಂಕಲನ, ಲೆಕ್ಕಪತ್ರ, ಕೆಲಸ ಬೇಕಾದಷ್ಟಿದೆ. ಹೊಟ್ಟೆಪಾಡಿಗೆ ಇನ್ನೊಂದು ಕೆಲಸ ಕೈಯಲ್ಲಿರಲಿ, ಅದರಲ್ಲಿ ನಾಚಿಕೆ ಏನಿಲ್ಲ. ಮತ್ತೆ, ಮಾಡಿದ ಕೆಲಸಕ್ಕೆ ಹೆಸರನ್ನೂ ರಸೀದಿಯನ್ನೂ ಕೇಳಿ ಪಡೆಯಿರಿ.

ನಾವು ನೋಡುವವರೂ ಒಂದು ಸಣ್ಣ ಕೆಲಸ ಮಾಡಬಹುದು. ಸಿನಿಮಾ ಮುಗಿದು ಲೈಟ್ ಹತ್ತಿದ ಕೂಡಲೇ ಬೈಕ್ ತೆಗೆಯಲು ಓಡುವ ಬದಲು ಇನ್ನೆರಡು ನಿಮಿಷ ಕೂರೋಣ. ತೆರೆಯ ಮೇಲೆ ಸಾಲುಸಾಲಾಗಿ ಏರಿಹೋಗುವ ಆ ಹೆಸರುಗಳನ್ನು ಓದೋಣ. ನಗಿಸಿದವರು ಅವರು, ಹೆದರಿಸಿದವರೂ ಅವರೇ.